ಬಕೆಟ್ ಕೈಗೆ ಕೊಟ್ಟು ಬರಮಾಡಿಕೊಂಡ್ರು: ಇನಾರಿ ಸರೋವರದ ದಂಡೆಲಿ ಈಸ್ಟರ್ ರಜೆ

ಫಿನ್‌ಲ್ಯಾಂಡಿಗೆ ಕೆಲಸಕ್ಕೆ ಅಂತ ಬಂದಿರೋ ನಮ್ಮವರು ಸುಮಾರು ಜನ ಹೇಳೋ ಮಾತು ಒಂದೇ. ಇಲ್ಲಿನವರು ಒಳ್ಳೆಯವರು, ಆದ್ರೆ ಹತ್ರ ಸೇರಿಸಲ್ಲ, ವರ್ಷಗಟ್ಲೆ ಪಕ್ಕದ ಡೆಸ್ಕಲ್ಲಿ ಕೂತ್ರೂ ಒಂದಿನ ಮನೆಗೆ ಬನ್ನಿ ಅನ್ನಲ್ಲ ಅಂತ. ನಂಗೂ ಔಲು ಊರಿಗೆ ಬಂದ ಹೊಸದ್ರಲ್ಲಿ ಹಾಗೇ ಅನ್ಸಿತ್ತು. ಆಮೇಲೆ ಗೊತ್ತಾಯ್ತು, ಇವರು ಹತ್ರ ಸೇರಿಸೋ ಜಾಗವೇ ಬೇರೆ, ಕಾಡೊಳಗೆ ನೀರಿನ ದಂಡೆಲಿ ಕಟ್ಕೊಂಡಿರೋ ಮರದ ಮನೆ, ಅದಕ್ಕೆ ಮೊಕ್ಕಿ ಅಂತಾರೆ. ದೇಶದ ಜನಸಂಖ್ಯೆ 56 ಲಕ್ಷದ ಆಸುಪಾಸು, ಅದ್ರಲ್ಲಿ ಇಂಥ ಮನೆಗಳೇ 5 ಲಕ್ಷಕ್ಕೂ ಮೇಲೆ ಇದಾವೆ. ಸಿಟಿಲಿ ಬಾಗಿಲು ಹಾಕ್ಕೊಂಡಿರೋ ಜನ ಅಲ್ಲಿ ಬೇರೆ ಥರ ಇರ್ತಾರೆ, ಅಲ್ಲಿಗೆ ಕರೆದ್ರು ಅಂದ್ರೆ ನಿಮ್ಮನ್ನ ನಿಜವಾಗ್ಲೂ ಕರೆದ್ರು ಅಂತ ಅರ್ಥ.

ನನ್ನ ಟೀಮಲ್ಲಿ ಒಬ್ಬಳಿದಾಳೆ, ಹೆಚ್ಚುಕಡಿಮೆ ನನ್ನದೇ ವಯಸ್ಸು, ಊಟಕ್ಕೆ ಎದುರಾಬದುರು ಕೂತು ಮಾತಿಲ್ಲದೇ ತಿಂದು ಎದ್ದು ಹೋಗೋ ಅಷ್ಟು ಪರಿಚಯ. ಮಾರ್ಚಲ್ಲಿ ಒಂದಿನ ಕಾಫಿ ಬ್ರೇಕಲ್ಲಿ ಅವಳಾಗೇ, ಈಸ್ಟರಿಗೆ ನಾವು ಇನಾರಿಗೆ ಹೋಗ್ತಿದೀವಿ, ಅಪ್ಪ ಅಮ್ಮ ಅಣ್ಣ ಎಲ್ಲ ಇರ್ತಾರೆ, ಜಾಗ ಇದೆ, ನೀವಿಬ್ರೂ ಬರ್ಬಹುದು ಅಂದ್ಲು. ಅಷ್ಟೇ. ನಮ್ ಕಡೆ ಥರ ಬರ್ಲೇಬೇಕು ಬರದಿದ್ರೆ ಮಾತಾಡ್ಸಲ್ಲ ಅನ್ನೋದೆಲ್ಲ ಇಲ್ಲಿಲ್ಲ. ಒಂದ್ಸಲ ಕೇಳ್ತಾರೆ, ನೀವು ನೋಡೋಣ ಅಂದ್ರೆ ಬರಲ್ಲ ಅಂತ ತಿಳ್ಕೊಂಡು ಸುಮ್ನಾಗ್ತಾರೆ, ಮತ್ತೆ ಮತ್ತೆ ಕೇಳಿ ಮುಜುಗರ ಮಾಡಬಾರ್ದು ಅನ್ನೋದು ಅವರ ಮರ್ಯಾದೆ. ನಾನು ನಿಂತಲ್ಲೇ ಹೂಂ ಅಂದೆ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದ್ರೆ ಅವರು ಮೊದ್ಲು ಕೇಳಿದ್ದು "ಅಲ್ಲಿ ಊಟಕ್ಕೇನು ಕಣೇ" ಅಂತ, ಅವರು ಮೈಸೂರು ಕಡೆಯವರು, ಮೊಟ್ಟೆ ಕೂಡ ತಿನ್ನಲ್ಲ. ನಾನು ಶಿವಮೊಗ್ಗದವಳು, ಮೀನು ತಿಂತೀನಿ. "ಅವಲಕ್ಕಿ, ಚಟ್ನಿಪುಡಿ, ಕಾಫಿಪುಡಿ, ಫಿಲ್ಟರು ತಗೊಂಡು ಹೋಗೋಣ ಬಿಡ್ರೀ" ಅಂದೆ.

ಔಲುದಿಂದ ಇನಾರಿಗೆ ಐನೂರು ಕಿಲೋಮೀಟರಿಗೂ ಮೇಲೆ, ಪೂರ್ತಿ ಉತ್ತರಕ್ಕೆ. ರೊವಾನಿಯೆಮಿ ದಾಟಿದ ಕೂಡ್ಲೇ ಆರ್ಕ್ಟಿಕ್ ಸರ್ಕಲ್ ಬರುತ್ತೆ, ಟೂರಿಸ್ಟ್ ಬಸ್ಸುಗಳೆಲ್ಲ ಅಲ್ಲೇ ನಿಂತಿರ್ತಾವೆ, ಅಲ್ಲಿಂದ ಮುಂದಕ್ಕೂ ಇನ್ನೂ ಮುನ್ನೂರು ಕಿಲೋಮೀಟರ್ ಇದೆ. ಸೊದಾನ್‌ಕ್ಯುಲಾ ಆದ್ಮೇಲೆ ಮನೆಗಳೇ ಕಮ್ಮಿ ಆಗ್ತಾ ಹೋಗುತ್ತೆ, ಪೈನ್ ಮರಗಳು ಗಿಡ್ಡ ಆಗ್ತಾವೆ, ರಸ್ತೆ ಮಧ್ಯ ಹಿಮಸಾರಂಗಗಳು ಆರಾಮಾಗಿ ನಿಂತಿರ್ತಾವೆ, ಹಾರ್ನ್ ಹೊಡೆದ್ರೂ ಕದಲಲ್ಲ. ಅವು ಕಾಡುಪ್ರಾಣಿ ಅನ್ಕೋಬೇಡಿ, ಪ್ರತಿಯೊಂದಕ್ಕೂ ಮಾಲೀಕರು ಇದಾರೆ, ಕಿವಿ ಕತ್ತರಿಸಿರೋ ಗುರುತು ನೋಡಿ ಯಾರದ್ದು ಅಂತ ಹೇಳ್ತಾರೆ. ಯಾರನ್ನೂ ನಿಮ್ಮ ಹತ್ರ ಎಷ್ಟು ಹಿಮಸಾರಂಗ ಇದೆ ಅಂತ ಕೇಳ್ಬೇಡ, ಅದು ಬ್ಯಾಂಕಲ್ಲಿ ದುಡ್ಡೆಷ್ಟಿದೆ ಅಂತ ಕೇಳಿದ್ಹಾಗೆ ಅಂತ ಗೆಳತಿ ಕಾರಲ್ಲೇ ಹೇಳಿಟ್ಲು. ಇನಾರಿ ಅನ್ನೋ ಆಡಳಿತ ಪ್ರದೇಶ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, ಅಲ್ಲಿರೋ ಒಟ್ಟು ಜನ ಏಳು ಸಾವಿರ ಹತ್ರ. ಬೆಳಗಾವಿಯಷ್ಟು ಜಾಗದಲ್ಲಿ ಏಳು ಸಾವಿರ ಜನ ಅಂದ್ರೆ ಹೇಗಿರುತ್ತೆ ಅಂತ ಕಾರಿನ ಕಿಟಕಿಲಿ ನೋಡ್ತಾ ಹೋದ್ರೇನೇ ತಲೆಗೆ ಹೋಗೋದು.

ರಸ್ತೆ ಮುಗಿಯೋ ಜಾಗದಲ್ಲಿ ಕಾರ್ ನಿಲ್ಸಿದ್ವಿ, ಅಲ್ಲಿಂದ ಮುಂದೆ ಸರೋವರದ ಮೇಲೇ ಹೋಗ್ಬೇಕು. ಗೆಳತಿಯ ಅಣ್ಣ ಹಿಮದ ಮೇಲೆ ಓಡೋ ಗಾಡಿ ಸ್ನೋಮೊಬೈಲ್ ತಂದು ಕಾಯ್ತಿದ್ರು, ಹಿಂದೆ ಒಂದು ಮರದ ಜಾರುಬಂಡಿ ಕಟ್ಟಿ, ಅದ್ರ ಮೇಲೆ ಹಿಮಸಾರಂಗದ ಚರ್ಮ ಹಾಸಿದ್ರು. ಕೈ ಕುಲುಕಿದ್ರು, ಹೆಸರು ಹೇಳಿದ್ರು, ಹೆಲ್ಮೆಟ್ ಕೊಟ್ರು, ಪ್ರಯಾಣ ಹೇಗಿತ್ತು ಏನು ಎತ್ತ ಏನೂ ಇಲ್ಲ. ಇನಾರಿ ಸರೋವರ ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ಹರಡಿದೆ, ಅದ್ರೊಳಗೆ ಮೂರು ಸಾವಿರಕ್ಕೂ ಮೇಲೆ ದ್ವೀಪಗಳು, ಆಳ ಕೆಲವು ಕಡೆ ತೊಂಬತ್ತು ಮೀಟರ್ ದಾಟುತ್ತೆ. ಏಪ್ರಿಲಲ್ಲಿ ಅದು ಪೂರ್ತಿ ಹೆಪ್ಪುಗಟ್ಟಿರುತ್ತೆ, ಐಸ್ ಕರಗೋದು ಜೂನ್ ಹೊತ್ತಿಗೆ. ಬಿಳಿ ಅಂದ್ರೆ ಬಿಳಿ, ಕಪ್ಪು ಕನ್ನಡಕ ಇಲ್ದಿದ್ರೆ ಕಣ್ಣು ಬಿಡಕ್ಕಾಗಲ್ಲ.

ಮೊಕ್ಕಿ ಮುಂದೆ ಇಳಿದ್ವಿ. ಗೆಳತಿಯ ಅಮ್ಮ ಮೆಟ್ಲಲ್ಲಿ ನಿಂತಿದ್ರು, ಎಪ್ಪತ್ತರ ಹತ್ರದ ವಯಸ್ಸು, ಉಣ್ಣೆ ಸ್ವೆಟರು, ಕಾಲಿಗೆ ಫೆಲ್ಟ್ ಬೂಟು. ನಗ್ತಾ ಬಂದ್ರು, ಬ್ಯಾಗ್ ಎಲ್ಲಿಡ್ಬೇಕು ಅಂತ ತೋರಿಸಿದ್ರು, ಆಮೇಲೆ ಎರಡು ಬಿಳಿ ಬಕೆಟ್ ತಂದು ನನ್ನ ಕೈಗೆ ಕೊಟ್ಟು ಕೆರೆ ಕಡೆ ಕೈ ತೋರಿಸಿದ್ರು. ನಮ್ಮನೆಯವರಿಗೆ ಅಪ್ಪ ಕೊಡಲಿ ಕೊಟ್ರು. ನಾವು ಬಂದು ಹತ್ತು ನಿಮಿಷ ಆಗಿಲ್ಲ, ಕಾಫಿ ಕೂಡ ಕೊಟ್ಟಿಲ್ಲ. ನಮ್ಮ ಮನೇಲಿ ನೆಂಟರು ಬಂದು ತಟ್ಟೆ ಎತ್ತೋಕೆ ಹೋದ್ರೆ ಅಮ್ಮ ಕೈ ಹಿಡ್ಕೊಂಡು ಕೂರಿಸ್ತಾಳೆ, ನೆಂಟರ ಕೈಲಿ ಕೆಲಸ ಮಾಡ್ಸೋದು ಅಂದ್ರೆ ಮನೆಯ ಮಾನ ಹೋದ್ಹಾಗೆ. ಹಾಗೆ ಬೆಳೆದವಳಿಗೆ ಒಂದು ಕ್ಷಣ ಇದೇನಪ್ಪಾ ಅನ್ಸಿದ್ದು ನಿಜ. ಆದ್ರೆ ಅವರ ಮುಖ ನೋಡಿದ್ರೆ ಅದ್ರಲ್ಲಿ ಗತ್ತಿಲ್ಲ, ದರ್ಪ ಇಲ್ಲ, ಏನೋ ಒಳ್ಳೇದನ್ನ ಕೊಟ್ಟವರ ಸಂತೋಷ ಇತ್ತು. ಮುಂದಿನ ದಿನಗಳಲ್ಲಿ ಅದೇ ನಿಜ ಅಂತ ಗೊತ್ತಾಯ್ತು, ಆ ಮನೇಲಿ ಕೈಗೆ ಕೆಲಸ ಬಂತು ಅಂದ್ರೆ ನೀವು ಒಳಗಿನವರು.

ಅಲ್ಲಿ ನಲ್ಲಿ ಇಲ್ಲ. ಕರೆಂಟ್ ಲೈನಿಲ್ಲ, ದೀಪಕ್ಕೆ, ಫೋನ್ ಚಾರ್ಜಿಗೆ ಒಂದು ಸೋಲಾರ್ ಪ್ಯಾನೆಲ್, ಅಡುಗೆಗೆ ಗ್ಯಾಸು, ಬಿಸಿಗೆ ಕಟ್ಟಿಗೆ ಒಲೆ. ನೀರಿಗೆ ಐಸಲ್ಲಿ ಒಂದು ಬಾವಿ ಕೊರೆದಿದ್ರು, ಮೇಲೆ ಥರ್ಮೋಕೋಲ್ ಹಲಗೆ ಮುಚ್ಚಿ ಅದ್ರ ಮೇಲೆ ಹಿಮ ತುಂಬಿರ್ತಾರೆ, ರಾತ್ರಿ ಮತ್ತೆ ಗಟ್ಟಿ ಆಗ್ದಿರ್ಲಿ ಅಂತ. ಮುಚ್ಚಳ ತೆಗೆದ್ರೆ ತೆಳ್ಳಗೆ ಐಸು ಕಟ್ಟಿರುತ್ತೆ, ಪಕ್ಕದಲ್ಲಿರೋ ಉದ್ದ ಕಬ್ಬಿಣದ ಹಾರೆಲಿ ಕುಟ್ಟಬೇಕು, ಚೂರುಗಳನ್ನ ಸೌಟಲ್ಲಿ ತೆಗೀಬೇಕು, ಆಮೇಲೆ ಬಕೆಟ್ ಇಳಿಸ್ಬೇಕು. ನೀರು ಎಷ್ಟು ತಿಳಿ ಅಂದ್ರೆ ಬಕೆಟ್ಟಿನ ತಳದ ಅಕ್ಷರ ಓದ್ಬಹುದು. ಹಾಗೇ ಕುಡೀತಾರೆ. ತುಂಬಿದ ಬಕೆಟ್‌ಗಳನ್ನ ಪುಲ್ಕ ಅನ್ನೋ ಪ್ಲಾಸ್ಟಿಕ್ ಜಾರುಬಂಡಿಲಿ ಇಟ್ಟು ಹಗ್ಗ ಹಿಡಿದು ದಿಬ್ಬ ಹತ್ತಿಸ್ಬೇಕು, ಅಡುಗೆಗೊಂದು, ಪಾತ್ರೆಗೊಂದು, ಸೌನಾ ಅನ್ನೋ ಹಬೆ ಸ್ನಾನದ ಕೋಣೆಲಿ ಕಾಯೋ ಹಂಡೆಗೆ ಹಲವು. ಮೊದ್ಲ ಸಲಕ್ಕೇ ಬೆವರು ಬಂತು, ಹೊರಗೆ ಮೈನಸ್ ಇದ್ರೂನೂ.

ನಮ್ಮನೆಯವರು ಅಷ್ಟೊತ್ತಿಗೆ ಕಟ್ಟಿಗೆ ಶೆಡ್ಡಲ್ಲಿ ಜಾಕೆಟ್ ಬಿಚ್ಚಿ ಹಾಕಿದ್ರು. ಬರ್ಚ್ ಮರದ ತುಂಡುಗಳು, ಬೇಸಿಗೆಲಿ ಒಣಗಿಸಿ ಜೋಡ್ಸಿಟ್ಟಿದ್ದು. ಗೆಳತಿಯ ಅಣ್ಣ ಒಂದು ತುಂಡು ಸೀಳಿ ತೋರಿಸಿದ್ರು, ಕಾಲು ಅಗಲ ಇಡು, ಬಲ ಹಾಕ್ಬೇಡ, ಕೊಡಲಿ ಭಾರನೇ ಕೆಲಸ ಮಾಡುತ್ತೆ, ಅಷ್ಟು ಹೇಳಿ ಹೋದ್ರು. ಮೇಲೆ ನಿಂತು ನೋಡಲ್ಲ, ತಿದ್ದಲ್ಲ, ಬಿಟ್ಟು ಹೋಗ್ತಾರೆ, ಅದು ನಂಗೆ ಬಹಳ ಹಿಡಿಸ್ತು. ಚಳಿಲಿ ಕಟ್ಟಿಗೆ ಟಕ್ ಅಂತ ಸೀಳುತ್ತೆ, ಆ ಸದ್ದು ಕೆರೆ ಆಚೆ ದಂಡೆಗೆ ಹೋಗಿ ವಾಪಸ್ ಬರುತ್ತೆ. ಒಲೆ ಹಚ್ಚೋದು ಗೆಳತಿಯ ಅಪ್ಪ ನಂಗೆ ಕಲಿಸಿದ್ರು. ಬರ್ಚ್ ತೊಗಟೆ ಪೇಪರ್ ಥರ ಸುಲಿದು ಬರುತ್ತೆ, ಅದ್ರಲ್ಲಿ ಎಣ್ಣೆ ಅಂಶ ಇರೋದ್ರಿಂದ ಒಂದೇ ಕಡ್ಡಿಗೆ ಹೊತ್ಕೊಳ್ಳುತ್ತೆ. ಸೊಂಟದಲ್ಲಿರೋ ಪೂಕ್ಕೊ ಚಾಕು ತೆಗೆದು ಒಣ ಕಡ್ಡಿ ಮೇಲೆ ನಿಧಾನಕ್ಕೆ ಹೆರೀತಾರೆ, ಸುರುಳಿ ಸುರುಳಿ ಹಾಗೇ ಕಡ್ಡಿಗೆ ಅಂಟ್ಕೊಂಡು ನಿಲ್ಲಬೇಕು, ಉದುರಬಾರ್ದು. ಅವರ ಕೈಲಿ ಅದು ಹೂವಿನ ಹಾಗೆ ಅರಳ್ತು. ನಾನು ಹೆರೆದಿದ್ದನ್ನ ತಿರುಗಿಸಿ ನೋಡಿ, ಉರಿಯುತ್ತೆ ಅಂದ್ರು. ಅವರ ಭಾಷೇಲಿ ಅದು ದೊಡ್ಡ ಹೊಗಳಿಕೆ ಅಂತ ಮಗಳು ಆಮೇಲೆ ಹೇಳಿದ್ಲು.

ಸೌನಾ ಬಗ್ಗೆ ಎಲ್ಲರಿಗೂ ಕುತೂಹಲ ಇರುತ್ತೆ, ಅದ್ರಲ್ಲೂ ನಮ್ಮ ಹೆಣ್ಮಕ್ಕಳಿಗೆ ಭಯನೂ ಇರುತ್ತೆ, ಅದಕ್ಕೆ ಬಿಡಿಸಿ ಹೇಳ್ತೀನಿ. ಈ ದೇಶದಲ್ಲಿ ಸೌನಾಗಳು 30 ಲಕ್ಷದ ಹತ್ರ ಇದಾವೆ ಅಂತಾರೆ, 2020ರ ಡಿಸೆಂಬರಲ್ಲಿ ಯುನೆಸ್ಕೋ ಕೂಡ ಇದನ್ನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ಔಲುಲಿ ನಮ್ಮ ಅಪಾರ್ಟ್‌ಮೆಂಟಲ್ಲೂ ಕರೆಂಟಿನ ಸೌನಾ ಇದೆ, ನಾವು ಅದ್ರಲ್ಲಿ ಬಟ್ಟೆ ಒಣಗಿಸ್ತೀವಿ. ಕಟ್ಟಿಗೆ ಸೌನಾ ಬೇರೆಯೇ. ಮನೆಯಿಂದ ಸ್ವಲ್ಪ ದೂರ, ನೀರಿನ ಹತ್ರ, ಸಣ್ಣ ಮರದ ಕೋಣೆ. ಕಾಯೋಕೆ ಒಂದೂವರೆ ಎರಡು ಗಂಟೆ ಬೇಕು, ಅದನ್ನ ಯಾರೋ ಒಬ್ರು ಕಾಯ್ತಾ ಕಟ್ಟಿಗೆ ಹಾಕ್ತಾ ಇರ್ತಾರೆ, ಆ ಹೊತ್ತಲ್ಲಿ ಮನೆಯವರೆಲ್ಲ ಗಡಿಬಿಡಿ ಬಿಟ್ಟು ಒಂಥರಾ ಮೆತ್ತಗಾಗ್ತಾರೆ.

ಹೆಂಗಸರದ್ದು ಮೊದಲ ಪಾಳಿ, ಗಂಡಸರು ಆಮೇಲೆ. ಬಟ್ಟೆ ಇಲ್ದೇ ಹೋಗೋದೇ ಅಲ್ಲಿನ ರೂಢಿ. ನಾನು ಟವೆಲ್ ಸುತ್ಕೊಂಡು ಬಾಗ್ಲಲ್ಲಿ ನಿಂತಿದ್ದೆ, ಗೆಳತಿಯ ಅಮ್ಮ ನೋಡಿ, ನಿಂಗೆ ಹೇಗೆ ಹಿತವೋ ಹಾಗೆ ಬಾ ಅಂದ್ರು. ಒಳಗೆ ಯಾರೂ ಯಾರ ಮೈಯನ್ನೂ ನೋಡಲ್ಲ. ಗೆಳತಿಯ ಅತ್ತಿಗೆಗೆ ಸಿಸೇರಿಯನ್ ಗೆರೆ ಇತ್ತು, ಅಮ್ಮನಿಗೆ ಮಂಡಿ ಆಪರೇಷನ್ ಆದ ಗುರುತು, ಹೊಟ್ಟೆ ಜೋತಿದೆ, ಯಾರಿಗೂ ಅದೊಂದು ವಿಷಯವೇ ಅಲ್ಲ. ನಾನು ಹುಟ್ಟಿ ಬೆಳೆದ ಕಡೆ ಹೆಣ್ಣಿನ ಮೈ ಅಂದ್ರೆ ಮುಚ್ಚೋದು, ಇಲ್ಲಾ ಹೋಲಿಸೋದು, ಇಲ್ಲಾ ದಪ್ಪ ಆದೆ ಸಣ್ಣ ಆದೆ ಅಂತ ಅನ್ನಿಸಿಕೊಳ್ಳೋದು, ಹಾಗಾಗಿ ಆ ಮಬ್ಬುಗತ್ತಲೆ ಕೋಣೆಲಿ ನಂಗೆ ಎಷ್ಟೋ ವರ್ಷದ ಭಾರ ಇಳಿದ ಹಾಗಾಯ್ತು. ಕೊನೆಗೆ ಟವೆಲ್ ತೆಗೆದು ಕೆಳಗೆ ಹಾಸ್ಕೊಂಡು ಕೂತೆ. ಯಾರೂ ಏನೂ ಅನ್ಲಿಲ್ಲ, ಅಮ್ಮ ಸ್ವಲ್ಪ ಸರಿದು ಜಾಗ ಮಾಡಿದ್ರು ಅಷ್ಟೇ.

ಮರದ ಮೆಟ್ಲು ಮೆಟ್ಲಾಗಿ ಹಲಗೆಗಳು, ಮೇಲಿನದ್ರಲ್ಲಿ ಬಿಸಿ ಜಾಸ್ತಿ, ಹೊಸಬರು ಕೆಳಗಿನದ್ರಲ್ಲಿ ಕೂರೋದು ಒಳ್ಳೇದು. ಕಾದ ಕಲ್ಲಿನ ಮೇಲೆ ಸೌಟಲ್ಲಿ ನೀರು ಎಸೀತಾರೆ, ಸುಯ್ ಅನ್ನುತ್ತೆ, ಒಂದೆರಡು ಕ್ಷಣ ಏನೂ ಆಗಲ್ಲ, ಆಮೇಲೆ ಆ ಹಬೆ ಮಾಡಿಂದ ಇಳಿದು ಹೆಗಲ ಮೇಲೆ, ಕಿವಿ ತುದಿ ಮೇಲೆ ಬಂದು ಕೂರುತ್ತೆ. ಎಸೆಯೋ ಮುಂಚೆ ಇನ್ನೊಂದು ಹಾಕ್ಲಾ ಅಂತ ಪಕ್ಕದವರನ್ನ ಕೇಳ್ಬೇಕು, ಬಾಗಿಲು ತೆಗೆದು ಹಾಗೇ ನಿಲ್ಲಬಾರ್ದು, ಇವೆರಡು ಗೊತ್ತಿದ್ರೆ ಸಾಕು. ಬೇಸಿಗೆಲಿ ಕಟ್ಟಿ ಫ್ರೀಜರಲ್ಲಿಟ್ಟಿದ್ದ ಬರ್ಚ್ ಸೊಪ್ಪಿನ ಕಟ್ಟು ಬಿಸಿನೀರಲ್ಲಿ ನೆನೆಸಿ ಬೆನ್ನಿಗೆ ತಟ್ಕೊತಾರೆ, ಕೋಣೆ ತುಂಬ ಎಳೆ ಎಲೆ ವಾಸನೆ, ಹೊರಗೆ ನೋಡಿದ್ರೆ ಮೊಣಕಾಲುದ್ದ ಹಿಮ. ಅಮ್ಮ ನನ್ನ ಬೆನ್ನಿಗೂ ತಟ್ಟಿದ್ರು. ಅವರ ತಾಯಿ ಹುಟ್ಟಿದ್ದು ಸೌನಾದಲ್ಲೇ ಅಂತೆ, ಹಿಂದೆಲ್ಲ ಹೆರಿಗೆ ಅಲ್ಲೇ ಆಗ್ತಿತ್ತು, ಮನೆಗೆಲ್ಲ ಚೊಕ್ಕ ಜಾಗ ಅದೇ, ಬೆಚ್ಚಗೂ ಇರುತ್ತೆ, ಬಿಸಿನೀರೂ ಇರುತ್ತೆ. ತೀರಿಕೊಂಡವರನ್ನ ತೊಳೀತಿದ್ದದ್ದೂ ಅಲ್ಲೇ. ಆಫೀಸಲ್ಲಿ ಹವಾಮಾನ ಬಿಟ್ರೆ ಬೇರೆ ಮಾತಾಡದ ಗೆಳತಿ ಆ ಕತ್ತಲೇಲಿ ತನಗೆ ಎರಡು ಸಲ ಗರ್ಭ ನಿಲ್ಲದೇ ಹೋಗಿದ್ದನ್ನ ಹೇಳಿದ್ಲು. ನಾನೂ ನನ್ನ ವಿಷಯ ಹೇಳ್ದೆ. ಅದನ್ನ ನಾನು ಊರಲ್ಲಿ ಅಕ್ಕನಿಗೂ ಹೇಳಿರ್ಲಿಲ್ಲ. ಅಮ್ಮ ಸುಮ್ನೆ ಕೇಳಿಸ್ಕೊಂಡು ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕಿದ್ರು.

ಆಮೇಲೆ ಐಸಿನ ತೂತಿಗೆ ಇಳಿಯೋದು. ಸೌನಾ ಮುಂದೆನೇ ದೊಡ್ಡದಾಗಿ ಕೊರೆದು ಮರದ ಏಣಿ ಇಳಿಬಿಟ್ಟಿದ್ರು. ಇದನ್ನ ಒತ್ತಾಯ ಮಾಡಲ್ಲ, ಹೃದಯದ ತೊಂದ್ರೆ, ಬಿಪಿ ಇರೋರು ಇಳೀಲೇಬಾರ್ದು, ಒಬ್ಬರೇ ಇಳಿಯೋ ಹಾಗೂ ಇಲ್ಲ. ಕೈಗೆ ಗ್ಲೌಸು, ತಲೆಗೆ ಉಣ್ಣೆ ಟೋಪಿ ಹಾಕ್ಕೊಂಡು, ಉಸಿರು ಬಿಡ್ತಾ ನಿಧಾನಕ್ಕೆ ಇಳಿ, ಉಸಿರು ಕಟ್ಟಬೇಡ ಅಂತ ಅತ್ತಿಗೆ ಹೇಳ್ತಾ ನಿಂತ್ರು. ಕಾಲು ಹೋಯ್ತು, ಸೊಂಟ ಹೋಯ್ತು, ಎದೆಗೆ ಬಂದಾಗ ಎಲ್ಲ ಯೋಚನೆ ನಿಂತೋಯ್ತು. ಕೆಲವೇ ಸೆಕೆಂಡು. ಹತ್ತಿ ಬಂದು ಜಗಲಿ ಮೇಲೆ ಬರೀ ಟವೆಲಲ್ಲಿ ಕೂತ್ರೆ ಚಳಿನೇ ಇಲ್ಲ, ಮೈಯಿಂದ ಹೊಗೆ ಏಳ್ತಿದೆ. ರಾತ್ರಿ ಎಂಟೂವರೆ ದಾಟಿದ್ರೂ ಆಕಾಶದಲ್ಲಿ ಕೆಂಪು ಇನ್ನೂ ಆರಿರ್ಲಿಲ್ಲ. ಇದೇ ಊರಲ್ಲಿ ಡಿಸೆಂಬರ್ ಶುರುವಿಂದ ಜನವರಿ ಎರಡನೇ ವಾರದ ಆಸುಪಾಸಿನವರೆಗೆ ಸೂರ್ಯ ಹುಟ್ಟೋದೇ ಇಲ್ಲ, ಅದಕ್ಕೇ ಏಪ್ರಿಲ್ ಬೆಳಕನ್ನ ಇವರು ಒಂದು ನಿಮಿಷನೂ ಬಿಡದೇ ಹೊರಗೆ ಕೂತು ಅನುಭವಿಸ್ತಾರೆ.

ಬಯಲು ಕಕ್ಕಸು ಹೂಸ್ಸಿ ಬಗ್ಗೆ ಬಹಳ ಹೇಳೋದಿಲ್ಲ. ಮರದ ಗೂಡು, ನೀರಿಲ್ಲ, ಹೋಗಿ ಬಂದ್ಮೇಲೆ ಮರದ ಹೊಟ್ಟು ಹಾಕ್ತಾರೆ, ಸೀಟು ಥರ್ಮೋಕೋಲಿಂದು ಆಗಿರೋದ್ರಿಂದ ಮೈನಸ್ ಹದಿನೈದಲ್ಲೂ ತಣ್ಣಗಿರಲ್ಲ. ನೀರಿನ ಬಾಟ್ಲು ತಗೊಂಡು ಹೋಗಿ, ಅಷ್ಟೇ.

ಬೆಳಿಗ್ಗೆ ಬೇಗ ಎದ್ರೆ ಒಂದು ಲಾಭ ಇದೆ. ಹಗಲು ಬಿಸ್ಲಿಗೆ ಕರಗಿದ ಹಿಮದ ಮೇಲ್ಪದರ ರಾತ್ರಿ ಚಳಿಗೆ ಗಟ್ಟಿಯಾಗಿ ಕಾಂಕ್ರೀಟ್ ಆಗಿರುತ್ತೆ, ಕಾಡೊಳಗೆ ಎಲ್ಲಿ ಬೇಕಾದ್ರೂ ಮೇಲೆ ಮೇಲೇ ನಡ್ಕೊಂಡು ಹೋಗ್ಬಹುದು. ಮಧ್ಯಾಹ್ನದ ಹೊತ್ತಿಗೆ ಅದೇ ಜಾಗದಲ್ಲಿ ತೊಡೆ ತನಕ ಹೂತು ಹೋಗ್ತೀರ. ಹಾಗಾಗಿ ಬೆಳಗ್ಗೆನೇ ಪಿಲ್ಕಿಗೆ ಅಂದ್ರೆ ಐಸ್ ಮೇಲೆ ಮೀನು ಹಿಡಿಯಕ್ಕೆ ಹೊರಟ್ವಿ. ಈ ದೇಶದಲ್ಲಿ ಯಾರದ್ದೇ ಕಾಡಾದ್ರೂ ನಡೀಬಹುದು, ಸ್ಕೀ ಮಾಡ್ಬಹುದು, ಹಣ್ಣು ಅಣಬೆ ಆರಿಸ್ಬಹುದು, ಐಸ್ ಮೇಲೆ ಗಾಳ ಹಾಕೋದಕ್ಕೂ ದುಡ್ಡು ಕಟ್ಟಬೇಕಿಲ್ಲ, ಹೊರಗಿನಿಂದ ಬಂದ ನಮಗೂ ಅದೇ ಹಕ್ಕು. ಬೆಂಕಿ ಹಾಕೋದಕ್ಕೆ ಮಾತ್ರ ಜಾಗದ ಮಾಲೀಕರ ಒಪ್ಪಿಗೆ ಬೇಕೇ ಬೇಕು, ಅದನ್ನ ನಮ್ಮ ಹುಡುಗರು ಎಷ್ಟೋ ಜನ ತಿಳ್ಕೊಂಡಿಲ್ಲ. ಕೊರೆಯೋ ಕೈಡ್ರಿಲ್ ನನ್ನ ಎದೆ ಎತ್ತರ ಇತ್ತು, ಐಸು ಮುಕ್ಕಾಲು ಮೀಟರ್ ಹತ್ರ ದಪ್ಪ, ತಿರುಗಿಸಿ ತಿರುಗಿಸಿ ಕೊನೆಗೆ ನೀರು ಬುಳಕ್ ಅಂತ ಉಕ್ಕಿ ಬಂದಾಗ ಕುಣೀಬೇಕು ಅನ್ನಿಸ್ತು. ಅಷ್ಟು ದಪ್ಪ ಇದ್ರೂ ಅಪ್ಪ ಎಲ್ಲರ ಕುತ್ತಿಗೆಗೂ ಒಂದು ಜೊತೆ ಮೊಳೆ ಇರೋ ಹಿಡಿಕೆ ನೇತುಹಾಕಿದ್ರು, ಐಸ್ ಒಡೆದು ಬಿದ್ರೆ ಅದನ್ನ ಚುಚ್ಚಿ ಚುಚ್ಚಿ ಮೇಲೆ ಹತ್ಬೇಕು. ದ್ವೀಪಗಳ ಮಧ್ಯದ ಕಿರಿದಾದ ಜಾಗ, ಹೊಳೆ ಸೇರೋ ಜಾಗ, ಅಲ್ಲೆಲ್ಲ ನೀರು ಹರೀತಿರೋದ್ರಿಂದ ಐಸು ತೆಳ್ಳಗಿರುತ್ತಂತೆ, ಅಂಥ ಜಾಗಗಳನ್ನ ಕೈ ಮಾಡಿ ತೋರಿಸಿದ್ರು.

ತೂತಿನ ಪಕ್ಕ ಹಿಮಸಾರಂಗದ ಚರ್ಮ ಹಾಸಿ ಕೂತ್ವಿ, ಒಬ್ಬೊಬ್ರು ಒಂದೊಂದು ತೂತಿಗೆ, ಮಾತಿಲ್ಲ. ನಂಗೆ ಮೊದ್ಲು ಏನಾದ್ರೂ ಮಾತಾಡ್ಬೇಕಲ್ಲ ಅನ್ನೋ ಒದ್ದಾಟ. ಆಮೇಲೆ ಅಪ್ಪನ್ನೇ ನೋಡ್ತಾ ಕೂತೆ, ಅವರು ಅರ್ಧ ಗಂಟೆಗೊಮ್ಮೆ ತಲೆ ಎತ್ತಿ ನನ್ನ ಕಡೆ ನೋಡಿ ತಲೆ ಆಡಿಸ್ತಿದ್ರು. ಆ ತಲೆ ಆಡಿಸೋದ್ರಲ್ಲೇ ಚಳಿ ಆಗ್ತಿಲ್ವಾ, ಚೆನ್ನಾಗಿದೀಯಾ, ಎಲ್ಲ ಇತ್ತು. ನಂಗೊಂದು ಪರ್ಚ್ ಮೀನು ಸಿಕ್ತು, ಪಟ್ಟೆ ಪಟ್ಟೆ, ಕೆಂಪು ರೆಕ್ಕೆ.

ದಂಡೆಲಿ ಬೆಂಕಿ ಹಾಕಿ ಮಸಿ ಹಿಡಿದ ಕೆಟಲಲ್ಲಿ ಕಾಫಿ ಕುದ್ಸಿದ್ರು. ತರಿತರಿ ಪುಡಿ ನೇರ ನೀರಿಗೆ, ಉಕ್ಕಿ ಬಂದಾಗ ಇಳಿಸಿ, ಗಸಿ ಕೂರೋ ತನಕ ಸುಮ್ನೆ ಕಾಯೋದು. ಬರ್ಚ್ ಮರದ ಗಂಟಿನಿಂದ ಕೆತ್ತಿದ ಕುಕ್ಸ ಅನ್ನೋ ಬಟ್ಲಲ್ಲಿ ಕುಡೀತಾರೆ, ಅದನ್ನ ಸೋಪಲ್ಲಿ ತೊಳೆಯಲ್ಲ, ಬರೀ ನೀರು. ಆ ಬಟ್ಲಿಗೆ ಅಮ್ಮ ಬಿಳಿ ಗಿಣ್ಣಿನ ತುಂಡು ಹಾಕಿ ಕೊಟ್ರು, ಲೇಪಾಯೂಸ್ತೊ ಅಂತಾರೆ, ಮೇಲೆ ಕಂದು ಚುಕ್ಕೆ ಚುಕ್ಕೆ ಸುಟ್ಟಿರುತ್ತೆ, ಹಲ್ಲಿಗೆ ಕಿರ್ ಕಿರ್ ಅನ್ನುತ್ತೆ. ಗಿಣ್ಣು ಅಂತ ಸುಮ್ನೆ ಹೇಳ್ತಿಲ್ಲ, ಹಿಂದೆ ಇದನ್ನ ಕರು ಹಾಕಿದ ಹಸುವಿನ ಮೊದಲ ಹಾಲಲ್ಲೇ ಮಾಡ್ತಿದ್ರಂತೆ. ನಮ್ಮನೆಯವರು ಇದನ್ನ ಕೇಳಿದ್ದೇ, ನಮ್ಮಜ್ಜಿ ಮನೇಲಿ ಹಸು ಕರು ಹಾಕಿದ್ರೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಬೀದಿಗೆಲ್ಲ ಹಂಚ್ತಿದ್ರು ಅಂತ ಶುರು ಮಾಡಿದ್ರು, ಗೆಳತಿ ಅನುವಾದ ಮಾಡ್ತಾ ಹೋದ್ಲು, ಅಮ್ಮ ಬೆಂಕಿ ಹತ್ರಕ್ಕೆ ಸರಿದು ಕೂತು ಎಷ್ಟನೇ ದಿನದ ಹಾಲು, ನೀರು ಬೆರೆಸ್ತೀರಾ, ಹುಳಿ ಹಾಕ್ತೀರಾ ಅಂತ ಕೇಳಿದ್ದೇ ಕೇಳಿದ್ದು. ಆ ಇಡೀ ರಜೇಲಿ ಅವರು ಅಷ್ಟು ಮಾತಾಡಿದ್ದು ಆಗ್ಲೇ. ಇನ್ನೊಂದು ಹೇಳ್ಬೇಕು, ಅವರು ಮೊದಲ ದಿನದಿಂದ್ಲೂ ನಮ್ಮನೆಯವರಿಗೆ ಅಂತ ಒಂದು ಕಾವಲಿ ಬೇರೆ ಇಟ್ಟಿದ್ರು, ಮೀನು ಮಾಂಸ ತಾಗದ್ದು. ಹೇಳಿರ್ಲಿಲ್ಲ, ಕೇಳಿರ್ಲಿಲ್ಲ.

ಪಕ್ಕದ ಮನೆಯವರು ಅಂದ್ರೆ ಎಂಟು ಕಿಲೋಮೀಟರ್ ದೂರದವರು, ಒಂದು ಸಂಜೆ ಸ್ನೋಮೊಬೈಲಲ್ಲಿ ಹೇಳದೇ ಕೇಳದೇ ಬಂದ್ರು. ಸಿಟಿಲಿ ಹಾಗೆ ಬಂದ್ರೆ ಜನ ಗಾಬರಿ ಆಗ್ತಾರೆ, ಇಲ್ಲಿ ಅದೇ ಸರಿ. ಬಾಗ್ಲ ಹತ್ರದ ಬೆಂಚಲ್ಲಿ ಕೂತು, ಕಾಫಿ ಕುಡಿದು, ಯಾವ ಕೊಲ್ಲಿಲಿ ಐಸ್ ಬಿರುಕು ಬಿಟ್ಟಿದೆ ಅಂತ ಹೇಳಿದ್ರು. ಅವರು ಇನಾರಿ ಸಾಮಿ ಜನ. ಸಾಮಿಗಳು ಈ ಉತ್ತರದ ಮೂಲ ನಿವಾಸಿಗಳು, ಅವರ ಪಾರ್ಲಿಮೆಂಟಿನ ಕಟ್ಟಡ ಇರೋದೂ ಇನಾರಿ ಊರಲ್ಲೇ. ಇನಾರಿ ಸಾಮಿ ಮಾತನ್ನ ಆಡೋರು ಈಗ ಕೆಲವು ನೂರು ಜನ ಮಾತ್ರ, 1997ರಿಂದ ಪುಟ್ಟ ಮಕ್ಕಳಿಗೆ ಪೂರ್ತಿ ಆ ಭಾಷೇಲೇ ಶಿಶುವಿಹಾರ ನಡೆಸ್ತಾ ಅದನ್ನ ಉಳಿಸ್ಕೊಂಡಿದಾರೆ. ಅವರ ಮೊಮ್ಮಗಳು ಅಲ್ಲಿಗೇ ಹೋಗ್ತಾಳಂತೆ. ನಮ್ಮ ಭಾಷೆ ಯಾವ್ದು, ಎಷ್ಟು ಜನ ಆಡ್ತೀರ ಅಂತ ಕೇಳಿದ್ರು. ಕೋಟಿಗಟ್ಲೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಒಳ್ಳೇದು, ಆದ್ರೆ ಮಕ್ಕಳ ಹತ್ರ ಆಡ್ತೀರಾ ತಾನೇ ಅಂದ್ರು. ಆ ಪ್ರಶ್ನೆ ನನ್ನ ತಲೇಲಿ ಇನ್ನೂ ಕೂತಿದೆ.

ನಂಗೆ ಎಲ್ಲಕ್ಕಿಂತ ಮನಸ್ಸಲ್ಲಿ ನಿಂತಿದ್ದು ಔತಿಯೊತುಪಲಿ ಕಳೆದ ರಾತ್ರಿ. ಕಾಡಲ್ಲಿ, ದ್ವೀಪಗಳಲ್ಲಿ ಬೀಗ ಇಲ್ಲದ ಗುಡಿಸಲುಗಳನ್ನ ಇಟ್ಟಿದಾರೆ, ಅರಣ್ಯ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಮೆತ್ಸಾಹಲ್ಲಿತುಸ್ ಅದರ ಉಸ್ತುವಾರಿ. ಬುಕಿಂಗ್ ಇಲ್ಲ, ಬಾಡಿಗೆ ಇಲ್ಲ, ಒಂದೆರಡು ರಾತ್ರಿ ಯಾರು ಬೇಕಾದ್ರೂ ಇರ್ಬಹುದು. ಒಳಗೆ ಒಲೆ, ಮೇಜು, ಎಲ್ಲರೂ ಸಾಲಾಗಿ ಮಲಗೋ ಅಗಲ ಹಲಗೆ, ಹೊರಗೆ ಕಟ್ಟಿಗೆ, ಗರಗಸ, ಕೊಡಲಿ. ಅಲ್ಲಿಯ ಮುಖ್ಯ ನಿಯಮ ಏನಂದ್ರೆ ಕೊನೆಗೆ ಬಂದವರಿಗೆ ಮೊದಲ ಹಕ್ಕು. ಮುಂಚೆ ಬಂದವರು ಆಗ್ಲೇ ವಿಶ್ರಾಂತಿ ತಗೊಂಡಿರ್ತಾರೆ, ಈಗ ಬಂದವರು ಚಳಿಲಿ ದಣಿದು ಬಂದಿರ್ತಾರೆ, ಜಾಗ ಸಾಲದಿದ್ರೆ ಮುಂಚೆ ಬಂದವರೇ ಬಿಟ್ಕೊಡಬೇಕು. ನಮ್ಮ ಬಸ್ಸಲ್ಲಿ ಟವೆಲ್ ಎಸೆದು ಸೀಟ್ ಹಿಡಿದು ಬೆಳೆದ ನಂಗೆ ಇದನ್ನ ನಂಬೋಕೆ ಕಷ್ಟ ಆಯ್ತು.

ಗೆಳತಿ, ಅವಳ ಅಣ್ಣ, ನಾವಿಬ್ರು ಸ್ನೋ ಶೂ ಹಾಕ್ಕೊಂಡು ಹೋಗಿದ್ವಿ. ಒಲೆ ಹಚ್ಚಿ, ನಮ್ಮನೆಯವರು ಒಗ್ಗರಣೆ ಅವಲಕ್ಕಿ ಮಾಡ್ತಿದ್ರು, ಸಾಸಿವೆ ಕರಿಬೇವು ವಾಸನೆ ಆ ಪೈನ್ ಗೋಡೆಗೆಲ್ಲ ಹತ್ಕೊಂಡಿತ್ತು, ಹೊರಗೆ ಗಾಳಿ ಎದ್ದಿತ್ತು. ಕತ್ತಲಾದ್ಮೇಲೆ ಬಾಗ್ಲಲ್ಲಿ ಬೂಟು ಕೊಡವೋ ಸದ್ದು. ವಯಸ್ಸಾದ ಇಬ್ರು ಗಂಡಸರು, ಸ್ಕೀ ಮೇಲೆ ಬಂದವರು, ಹುಬ್ಬಿಗೆಲ್ಲ ಮಂಜು ಕಟ್ಟಿತ್ತು. ನಮಸ್ಕಾರ ಅನ್ನೋ ಮುಂಚೆನೇ ಅಣ್ಣ ಎದ್ದು ಒಲೆ ಪಕ್ಕ ಹಾಸಿದ್ದ ತನ್ನ ಹಾಸಿಗೆ ಸುತ್ತಿ ಕಿಟಕಿ ಕಡೆಗೆ ಹಾಕಿದ್ರು. ಗೆಳತಿ ಮೇಜಿನ ಮೇಲಿನ ನಮ್ಮ ಸಾಮಾನೆಲ್ಲ ಒಂದು ಮೂಲೆಗೆ ತಳ್ಳಿದ್ಲು. ನಾನು ಒಲೆ ಮೇಲಿನ ತಂತಿಲಿ ಒಣಗಿಸಿದ್ದ ನಮ್ಮ ಕಾಲುಚೀಲ ತೆಗೆದು ಅವರಿಗೆ ಜಾಗ ಮಾಡ್ದೆ. ಯಾರೂ ಯಾರಿಗೂ ಹೇಳಿರ್ಲಿಲ್ಲ. ಅವರು ಕೂತು ಒಂದು ಮಾತು ಅಂದ್ರು, ಗಾಳಿ ಇತ್ತು. ಅಣ್ಣ ಹೌದು ಅಂದ್ರು. ಕಾಫಿ ಬಗ್ಗಿಸಿ ಕೊಟ್ವಿ, ಅವಲಕ್ಕಿ ತಟ್ಟೆಗೆ ಹಾಕಿದ್ವಿ, ಅವರು ಚಾಕುಲಿ ಒಣಗಿಸಿದ ಹಿಮಸಾರಂಗದ ಮಾಂಸ ತೆಳ್ಳಗೆ ಕತ್ತರಿಸಿ ಮೇಜಿನ ಮಧ್ಯ ಇಟ್ರು. ಒಬ್ರು ಅವಲಕ್ಕಿನ ಬೆಳಕಿಗೆ ಹಿಡಿದು ನೋಡಿ ಇದು ಅಕ್ಕಿನಾ ಅಂದ್ರು, ಎರಡನೇ ಸಲ ಹಾಕಿಸ್ಕೊಂಡ್ರು.

ಬೆಳಗ್ಗೆ ನಾವು ಏಳೋ ಹೊತ್ತಿಗೆ ಅವರು ಹೊರಡೋಕೆ ರೆಡಿ. ಆದ್ರೆ ಹೋಗೋ ಮುಂಚೆ ರಾತ್ರಿ ನಾವೆಲ್ಲ ಉರಿಸಿದ್ದಕ್ಕಿಂತ ಜಾಸ್ತಿ ಕಟ್ಟಿಗೆ ಸೀಳಿ ಒಳಗೆ ಜೋಡ್ಸಿಟ್ಟಿದ್ರು, ಮೇಲೆ ಒಂದು ಹಿಡಿ ಬರ್ಚ್ ತೊಗಟೆ, ಹೆರೆದ ಕಡ್ಡಿಗಳು. ಮುಂದೆ ಬರೋರ ಕೈ ಚಳಿಗೆ ಮರಗಟ್ಟಿರುತ್ತೆ, ಕಡ್ಡಿ ಗೀರಿದ್ರೆ ಹತ್ಕೋಬೇಕು, ಅದಕ್ಕೆ. ಯಾರು ಬರ್ತಾರೆ ಅಂತ ಗೊತ್ತಿಲ್ಲ, ಯಾವತ್ತು ಬರ್ತಾರೆ ಅಂತಾನೂ ಗೊತ್ತಿಲ್ಲ. ಲ್ಯಾಪ್‌ಲ್ಯಾಂಡ್ ಅನ್ನೋ ಈ ಉತ್ತರದ ಪ್ರದೇಶಕ್ಕೆ ಬಂದು ಗಾಜಿನ ಇಗ್ಲೂಗೆ ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ ಸುರಿದು ಆಕಾಶ ನೋಡಿ ಹೋಗೋರು ಇದನ್ನೂ ಒಂದ್ಸಲ ನೋಡ್ಬೇಕು ಅಂತ ನಂಗೆ ತುಂಬ ಆಸೆ. ನಾವು ಹೊರಡೋ ಮುಂಚೆ ನೆಲ ಗುಡಿಸಿ, ಬೂದಿ ತೆಗೆದು, ಪುಸ್ತಕದಲ್ಲಿ ಎಲ್ಲಿಂದ ಬಂದ್ವಿ ಎಲ್ಲಿಗೆ ಹೊರಟ್ವಿ ಅಂತ ಬರೆದ್ವಿ. ಅದು ಬರೀ ನೆನಪಿಗಲ್ಲ, ಯಾರಾದ್ರೂ ಕಳೆದುಹೋದ್ರೆ ಹುಡುಕೋರು ಮೊದ್ಲು ತೆಗೆಯೋದು ಆ ಪುಸ್ತಕನೇ.

ಮೊದಲ ಸಲ ಮೊಕ್ಕಿಗೆ ಹೋಗೋರಿಗೆ ನಾನು ಹೇಳೋದಿಷ್ಟು. ಉಣ್ಣೆ ಒಳಬಟ್ಟೆ ಎರಡು ಜೊತೆ ಇಟ್ಕೊಳ್ಳಿ, ಹತ್ತಿ ಬೇಡ, ಬೆವರು ಹೀರಿ ತಣ್ಣಗಾಗುತ್ತೆ. ತಲೆಗೆ ಕಟ್ಟೋ ಟಾರ್ಚು, ಕಪ್ಪು ಕನ್ನಡಕ, ನಿಮ್ಮ ಹಾಸಿಗೆ ಚಾದರ, ಟವೆಲು. ಉಡುಗೊರೆ ಅಂತ ದುಬಾರಿದು ಒಯ್ಯಬೇಡಿ, ಒಳ್ಳೆ ಕಾಫಿಪುಡಿ ಸಾಕು. ಕೂತ್ಕೊಂಡು ಉಪಚಾರಕ್ಕೆ ಕಾಯ್ಬೇಡಿ, ನೀರಿನ ಬಕೆಟ್ ಖಾಲಿ ಕಂಡ್ರೆ ಎತ್ಕೊಂಡು ಹೋಗಿ.

ಹೊರಡೋ ದಿನ ಅಪ್ಪ ನಮ್ಮನೆಯವರ ಹತ್ರ ಬಂದು, ಜೂನಲ್ಲಿ ಐಸ್ ಹೋದ್ಮೇಲೆ ದೋಣಿ ನಿಲ್ಸೋ ಅಟ್ಟಣೆನ ಮತ್ತೆ ನೀರಿಗೆ ಇಳಿಸ್ಬೇಕು, ಚಳಿಗಾಲಕ್ಕೆ ಮುಂಚೆ ಎಳೆದು ದಂಡೆಗೆ ಹಾಕಿರ್ತೀವಿ, ಇಲ್ಲಾಂದ್ರೆ ಐಸು ಮುರಿದು ಹಾಕುತ್ತೆ, ನಂಗೆ ಈ ವರ್ಷ ಬೆನ್ನು ಸರಿ ಇಲ್ಲ, ಇಬ್ರು ಜನ ಕಮ್ಮಿ ಬೀಳ್ತಾರೆ ಅಂದ್ರು. ಅಷ್ಟೇ ಅಂದು ಸ್ನೋಮೊಬೈಲಿಗೆ ಪೆಟ್ರೋಲ್ ಹಾಕೋಕೆ ಹೋದ್ರು. ಇವರು ನನ್ನ ಮುಖ ನೋಡಿದ್ರು, "ಏನ್ ಹೇಳಿದ್ರು ರೀ ಅವರು" ಅಂದೆ, "ಮತ್ತೆ ಕರೆದ್ರು ಕಣೇ" ಅಂದ್ರು. ಆ ಹೊತ್ತಿಗೆ ಸೊಳ್ಳೆ ಮೋಡದ ಥರ ಏಳುತ್ತಂತೆ, ಬಲೆ ಇರೋ ಟೋಪಿ ಮತ್ತೆ ಮೊಣಕಾಲು ತನಕದ ರಬ್ಬರ್ ಬೂಟು ಬೇಕು ಅಂತ ಗೆಳತಿ ಮೆಸೇಜ್ ಹಾಕಿದಾಳೆ. ಟೋಪಿ ತಂದಾಯ್ತು, ಬೂಟು ಇವರ ಸೈಜಿಗೆ ಸಿಕ್ಕಿಲ್ಲ, ಈ ಶನಿವಾರ ಇನ್ನೊಂದು ಅಂಗಡಿ ನೋಡ್ಬೇಕು.